ಬೆರಳಿಗೆ ಕಾಣುವ ಬಸ್ಸು

ವರ್ಕಾಡಿಯಲ್ಲಿ ಬೆಳಗಿನ ಮೊದಲ ಬಸ್ಸು ಇನ್ನೂ ಬಂದಿಲ್ಲ. ದಮಯಂತಿ ಮಾತ್ರ ಆಗಲೇ ಜಗಲಿಯಲ್ಲಿ ಕೂತು ಒಂದು ರೈಲು ಬೋಗಿಗೆ ಬಾಗಿಲ ಕಂಬಿ ಕೂರಿಸುತ್ತಿದ್ದಾರೆ. ಬೋಗಿ ಮೊಳದುದ್ದದ್ದು, ಪ್ಲಾಸ್ಟಿಕ್ ಹಾಳೆಯದು. ಕಂಬಿ ಹಿತ್ತಾಳೆಯದು. ಹೆಂಚಿನ ಚೂರಿನ ಮೇಲೆ ಎರಡು ಟ್ಯೂಬುಗಳ ಅಂಟನ್ನು ಸಮಸಮ ಹಿಂಡಿ, ತೆಂಗಿನ ಕಡ್ಡಿಯಿಂದ ನಿಧಾನವಾಗಿ ಕಲಸುತ್ತಾರೆ. ಬಿಸಿಲೇರಿದರೆ ಈ ಅಂಟು ಕೈಯಲ್ಲಿರುವಾಗಲೇ ಗಟ್ಟಿಯಾಗಲು ಹೊರಡುತ್ತದೆ. ಹಾಗಾಗಿ ಈ ಕೆಲಸಕ್ಕೆ ತಂಪು ಹೊತ್ತೇ ಆಗಬೇಕು.

ಈ ಬೋಗಿ ಯಾರ ಶೋಕೇಸಿಗೂ ಹೋಗುವುದಿಲ್ಲ. ಕಣ್ಣು ಕಾಣದ ಮಕ್ಕಳು ಮುಟ್ಟಿ ತಿಳಿಯಲಿಕ್ಕೆ ಶಾಲೆಗೆ ಹೋಗುತ್ತದೆ. ಗೋಡೆ ಪ್ಲಾಸ್ಟಿಕ್ಕಿನದು, ಮುಟ್ಟಿದರೆ ಬೆಚ್ಚಗೆ. ಕಂಬಿ ಲೋಹದ್ದು, ಮುಟ್ಟಿದರೆ ತಣ್ಣಗೆ. ಆ ವ್ಯತ್ಯಾಸದಿಂದಲೇ ಯಾವುದು ಏನೆಂದು ಬೆರಳಿಗೆ ಗೊತ್ತಾಗಬೇಕು. ಅದಕ್ಕಾಗಿಯೇ ಒಂದಕ್ಕೊಂದು ಒಗ್ಗದ ಇವೆರಡನ್ನು ದಮಯಂತಿ ಕೂಡಿಸುತ್ತಾರೆ.

ಬಹಳ ವರ್ಷ ಅವರು ಬೀಡಿ ಕಟ್ಟಿದವರು. ಕೆಮ್ಮು ಬಿಡದೆ ಹಿಡಿದಾಗ ಅದನ್ನು ನಿಲ್ಲಿಸಿ, ತಮ್ಮನಾದ ಪ್ರೇಮನಾಥನ ಬೋರ್ಡಿನ ಅಂಗಡಿ ಸೇರಿದರು. ತಗಡಿನ ಮೇಲೆ ಪ್ಲಾಸ್ಟಿಕ್ ಅಕ್ಷರ ಅಂಟಿಸುವ ಕೆಲಸ. ಮೊದಲ ಮಳೆಗಾಲದಲ್ಲೇ ಒಂದು ಹೋಟೆಲಿನ ಬೋರ್ಡಿನಿಂದ ಅರ್ಧ ಅಕ್ಷರಗಳು ಉದುರಿದವು. ಮಾಲೀಕ ಅವನ್ನು ಹೆಕ್ಕಿ ಚೀಲದಲ್ಲಿ ತಂದು ಮೇಜಿನ ಮೇಲೆ ಸುರಿದದ್ದನ್ನು ನೆನೆದು ದಮಯಂತಿ ಈಗಲೂ ನಗುತ್ತಾರೆ. ಅಂದು ನಕ್ಕಿರಲಿಲ್ಲ.

ಒಮ್ಮೆ ಕಣ್ಣು ಕಾಣದ ಮಕ್ಕಳ ಶಾಲೆಯ ಉಜ್ವಲಾ ಎಂಬ ಟೀಚರ್ ಅಂಗಡಿಗೆ ಬಂದರು, ಉಬ್ಬಿದ ಅಕ್ಷರಗಳನ್ನು ಮಾಡಿಸಲಿಕ್ಕೆ. ಮಾತಿನ ನಡುವೆ ತಮ್ಮ ತರಗತಿಯ ಹುಡುಗಿಯೊಬ್ಬಳ ಸುದ್ದಿ ಹೇಳಿದರು. ಮನೆಯಲ್ಲೂ ಶಾಲೆಯಲ್ಲೂ ಅವಳನ್ನು ಕಿನ್ನಿ ಎಂದೇ ಕರೆಯುತ್ತಾರೆ. ದಿನವೂ ಅಮ್ಮನ ಜತೆ ಬಸ್ಸಿನಲ್ಲಿ ಬರುವ ಅವಳಿಗೆ ಬಸ್ಸೆಂದರೆ ಮೆಟ್ಟಿಲು, ಸೀಟು, ಸದ್ದು, ಅಷ್ಟೆ. ಒಂದು ದಿನ ಅವಳು, ಬಸ್ಸಿಗೆ ಮುಖ ಯಾವ ಕಡೆ ಇರುವುದು ಎಂದು ಕೇಳಿದಳಂತೆ. ಆ ಪ್ರಶ್ನೆ ದಮಯಂತಿಯ ತಲೆಯಿಂದ ಹೋಗಲೇ ಇಲ್ಲ. ಅಂಗಡಿಯಲ್ಲಿ ಉಳಿದ ಹಾಳೆಯ ತುಂಡುಗಳನ್ನು ಮನೆಗೆ ತಂದು, ಒಂದು ಬಸ್ಸು ಮಾಡಿದರು.

ಅದನ್ನು ಕೊಡಲು ತಾವೇ ಹೋದರು. ಕಿನ್ನಿ ಚಕ್ರ ಮುಟ್ಟಿದಳು, ಕಿಟಕಿ ಮುಟ್ಟಿದಳು, ಬಾಗಿಲ ಕಂಬಿ ಹಿಡಿದಳು. ಕಂಬಿ ಕಿತ್ತು ಕೈಗೆ ಬಂತು. ಹುಡುಗಿ ಅದನ್ನು ಮೆಲ್ಲನೆ ಮೇಜಿನ ಮೇಲಿಟ್ಟು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ನಾನು ತುಂಡು ಮಾಡಿದೆ," ಎಂದಳು.

ಅವಳ ತಪ್ಪಲ್ಲ, ಅಂಟಿನ ತಪ್ಪು ಎಂದು ದಮಯಂತಿ ಎಷ್ಟು ಹೇಳಿದರೂ ನಂಬಲಿಲ್ಲ. ಆಮೇಲೆ ಅವಳು ತರಗತಿಯಲ್ಲಿ ಯಾವ ವಸ್ತುವನ್ನೂ ಮುಟ್ಟುತ್ತಿಲ್ಲ ಎಂದು ಟೀಚರ್ ಫೋನಿನಲ್ಲಿ ಹೇಳಿದಾಗ, ದಮಯಂತಿಗೆ ಊಟ ಸೇರಲಿಲ್ಲ.

"ಆ ಮಕ್ಕಳಿಗೆ ಕೈಯೇ ಕಣ್ಣಲ್ವಾ? ಅದನ್ನೇ ನಾನು ಹೆದರಿಸಿ ಬಿಟ್ಟೆ," ಎನ್ನುತ್ತಾರೆ ಅವರು.

ಆಮೇಲೆ ಶುರುವಾಯಿತು ಅಂಟಿನ ಬೆನ್ನು ಹತ್ತುವುದು. ಅಂಗಡಿಯಲ್ಲಿ ಸಿಗುವ, ಕ್ಷಣದಲ್ಲಿ ಹಿಡಿಯುವ ಅಂಟೇ ಮೊದಲು ಕೈಕೊಟ್ಟದ್ದು. ಗಾಜಿನಂತೆ ಗಟ್ಟಿ ನಿಲ್ಲುವ ಅದು ಒಂದು ಜಗ್ಗಿಗೆ ಸಿಡಿಯುತ್ತದೆ. ಪೈಪಿನ ಅಂಟು ಪ್ಲಾಸ್ಟಿಕ್ಕನ್ನು ಕರಗಿಸಿ ಹಿಡಿಯುವಂಥದ್ದು, ಹಿತ್ತಾಳೆಗೆ ಅದರಿಂದ ಏನೂ ಆಗದು. ಚಪ್ಪಲಿ ಹೊಲಿಯುವವರ ರಬ್ಬರು ಅಂಟು ಅಗಲದ ಹಾಳೆಗೆ ಸರಿ, ಸಪೂರ ಕಂಬಿಗೆ ಜಾರುತ್ತದೆ. ಬಕೆಟಿನ ಪ್ಲಾಸ್ಟಿಕ್ಕಂತೂ ಯಾವುದಕ್ಕೂ ಜಗ್ಗಲಿಲ್ಲ, ಅದನ್ನು ಕೈಬಿಟ್ಟರು. ಕೊನೆಗೆ ನಿಂತದ್ದು ಎರಡು ಟ್ಯೂಬಿನ ಎಪಾಕ್ಸಿ. ಅದರಲ್ಲೂ ಬೇಗ ಒಣಗುವುದಲ್ಲ, ಇಡೀ ದಿನ ತೆಗೆದುಕೊಳ್ಳುವುದು.

"ಅಂಟಿಗಿಂತ ಮುಂಚಿನ ಕೆಲಸ ದೊಡ್ಡದು," ಎನ್ನುತ್ತಾರೆ ದಮಯಂತಿ. "ಹಿತ್ತಾಳೆ ಹೊಳೆಯುತ್ತಾ ಉಂಟು ಅಂತ ಹಾಗೇ ಅಂಟಿಸಿದ್ರೆ ಎಂತ ಹಿಡಿಯುವುದು? ಎರಡನ್ನೂ ಮರಳು ಕಾಗದದಲ್ಲಿ ಉಜ್ಜಿ ಒರಟು ಮಾಡ್ಬೇಕು. ಸ್ಪಿರಿಟಿನಲ್ಲಿ ಒರೆಸ್ಬೇಕು. ಮತ್ತೆ ಬೆರಳು ತಾಗಿಸ್ಬಾರ್ದು, ನಮ್ಮ ಕೈಯ ಜಿಡ್ಡೇ ಸಾಕು ಹಾಳು ಮಾಡ್ಲಿಕ್ಕೆ."

ಕಂಬಿಯ ತುದಿಗಳನ್ನು ಬಡಿದು ಚಪ್ಪಟೆ ಮಾಡಿದರು, ಅಂಟಿಗೆ ಹೆಚ್ಚು ಜಾಗ ಸಿಗಲೆಂದು. ಹೊರಗೆ ಉಕ್ಕಿದ ಅಂಟನ್ನು ಅರೆಗಟ್ಟಿಯಾಗಿರುವಾಗಲೇ ಕೆರೆದರು. ಅದರ ಹಿಂದೆಯೂ ಒಂದು ಕತೆಯಿದೆ. ಮೊದಲ ಸಲ ಕೊಟ್ಟಾಗ ಬಸ್ಸಿನಲ್ಲಿ ಒಣಗಿ ನಿಂತಿದ್ದ ಅಂಟಿನ ಹನಿಯನ್ನು ಒಬ್ಬ ಹುಡುಗ ಕಂಡಕ್ಟರನ ಬೆಲ್ಲೆಂದು ಒತ್ತಿಯೇ ಒತ್ತಿದ್ದನಂತೆ.

ಶಾಲೆಯಿಂದ ಮರಳಿ ತಂದು ಹೊಸ ಕಂಬಿ ಹಾಕಿದ ಬಸ್ಸನ್ನು ಜಗಲಿಯ ಮೊಳೆಗೆ ಆ ಕಂಬಿಯಿಂದಲೇ ನೇತುಹಾಕಿದರು. ಬಿಸಿಲು ಬಿತ್ತು, ಮಳೆಯ ಎರಚಲು ಹೊಡೆಯಿತು. ಬಸ್ಸು ಬೀಳಲಿಲ್ಲ. ಆಗ ಮತ್ತೆ ಶಾಲೆಗೆ ಹೊರಟರು.

ಕಿನ್ನಿ ಕೈ ಮುಂದೆ ತರಲಿಲ್ಲ. ದಮಯಂತಿ ಅವಳ ಪಕ್ಕ ನೆಲದಲ್ಲೇ ಕೂತರು. ಮುಟ್ಟಿ ನೋಡು ಎಂದು ಹೇಳಲೇ ಇಲ್ಲ. ಬೇರೆಯೇ ಮಾತು ಹೇಳಿದರು.

"ಇದನ್ನು ತುಂಡು ಮಾಡ್ಲಿಕ್ಕೆ ಒಬ್ರು ಬೇಕಿತ್ತು ಮಗಾ. ನನ್ನ ಕೈಯಿಂದ ಆಗುದಿಲ್ಲ. ನೀನು ಎಳಿತೀಯಾ?"

ಬಹಳ ಹೊತ್ತಿನ ಮೇಲೆ ಒಂದು ಕೈ ಬಂತು. ಕಂಬಿಯನ್ನು ಬೆರಳ ತುದಿಯಲ್ಲಿ ಎಳೆಯಿತು. ಮತ್ತೊಮ್ಮೆ ಎಳೆಯಿತು, ಜೋರಾಗಿ. ಕೊನೆಗೆ ಕಿನ್ನಿ ಎದ್ದು ನಿಂತು, ಕಂಬಿ ಹಿಡಿದು ಇಡೀ ಬಸ್ಸನ್ನೇ ಎತ್ತಿ ಕುಲುಕಿದಳು. ಕಂಬಿ ಕಿತ್ತು ಬರಲಿಲ್ಲ. ಅವಳಿಗೆ ನಗು ಬಂತು. ಬಸ್ಸನ್ನು ಮಡಿಲಲ್ಲಿಟ್ಟು, ಬಾಗಿಲಿನಿಂದ ಮುಂದಕ್ಕೆ ಬೆರಳು ನಡೆಸಿದಳು. ಗಾಜು ಸಿಕ್ಕಿತು, ಎರಡು ದೀಪ ಸಿಕ್ಕವು.

"ಮುಖ ಇಲ್ಲಿ ಉಂಟು," ಎಂದಳು.

ಟೀಚರ್ ಕಿಟಕಿಯ ಕಡೆ ತಿರುಗಿದರು. ದಮಯಂತಿಗೆ ಸೆರಗು ಬೇಕಾಯಿತು.

ಅಂದಿನಿಂದ ಸೇತುವೆ, ದೋಣಿ, ಜೀಪು ಎಲ್ಲ ಹೋಗಿವೆ. ಈಗ ರೈಲಿನ ಸರದಿ. ಆ ಬಸ್ಸು ತರಗತಿಯಲ್ಲೇ ಇದೆ. ಅದರ ಮುಂಭಾಗದ ಬಣ್ಣ ಪೂರ್ತಿ ಹೋಗಿದೆ, ದೀಪಗಳ ಅಂಚು ನುಣುಪಾಗಿದೆ. ಹೊಸ ಬಣ್ಣ ಬಳಿದು ಕೊಡುತ್ತೇನೆಂದು ಪ್ರೇಮನಾಥ ಹೇಳಿದರೆ ಅಕ್ಕ ಬಿಡುವುದಿಲ್ಲ.

"ಬೇಡ ಮಾರಾಯ, ಹಾಗೇ ಇರ್ಲಿ," ಎನ್ನುತ್ತಾರೆ ದಮಯಂತಿ, ಬೋಗಿಯ ಕಂಬಿಯನ್ನು ನೂಲಿನಿಂದ ಬಿಗಿದು ಪಕ್ಕಕ್ಕಿಡುತ್ತಾ. "ನಾನು ಮಾಡಿದ್ದು ಕಳಚಿ ಬೀಳ್ಬಾರ್ದು. ಮುಟ್ಟಿ ಮುಟ್ಟಿ ಸವೆದು ಹೋಗ್ಬೇಕು. ನನಗೆ ಅಷ್ಟೇ ಆಸೆ."