ಉಗುರಿನ ಹರಕೆ

ಕಲ್ಮೇಶ್ವರನನ್ನು ನಂಬಿದ ಎಲ್ಲರಿಗೂ ಶರಣು.

ನಾನು ಬರೆಯುತ್ತಿರುವುದು ಕಾಲಿನ ಒಂದು ಉಗುರಿನ ವಿಷಯ. ಇಷ್ಟು ಸಣ್ಣದಕ್ಕೆ ದೇವರ ಹೆಸರು ಎತ್ತಬೇಕೇ ಎಂದು ನಿಮಗೆ ಅನ್ನಿಸಬಹುದು. ಒಂಬತ್ತು ವರ್ಷ ನನಗೂ ಹಾಗೆಯೇ ಅನ್ನಿಸಿತ್ತು, ಅದಕ್ಕೇ ಗುಟ್ಟಾಗಿ ಬೇಡಿಕೊಂಡೆನೇ ಹೊರತು ಯಾರಿಗೂ ಹೇಳಿರಲಿಲ್ಲ. ಈಗಲೂ ಹೆಸರು ಬರೆಯುವುದಿಲ್ಲ. ಊರು ಸಾಂಬ್ರಾಣಿ. ಹಳಿಯಾಳದ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ನಾನು ಮತ್ತು ಅವ್ವ ಇಬ್ಬರೇ. ಇಷ್ಟು ಸಾಕು.

ಧಾರವಾಡದ ಹಾಸ್ಟೆಲ್‌ನಲ್ಲಿದ್ದು ಬಿ.ಎಸ್ಸಿ. ಓದುವಾಗ ಬಲಗಾಲಿನ ಹೆಬ್ಬೆರಳಿನ ಉಗುರಿನ ಮೂಲೆಯಲ್ಲಿ ಒಂದು ಬಿಳಿ ಚುಕ್ಕೆ ಕಂಡಿತು. ಎಂ.ಎಸ್ಸಿ. ಮುಗಿಯುವ ಹೊತ್ತಿಗೆ ಉಗುರೆಲ್ಲ ಹಳದಿಯಾಗಿ, ದಪ್ಪವಾಗಿ, ಕತ್ತರಿಸಲು ಹೋದರೆ ಹಳೆಯ ಗೋಡೆಯ ಸುಣ್ಣದಂತೆ ಉದುರುತ್ತಿತ್ತು. ಅದು ಶಿಲೀಂಧ್ರ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಅದರ ಎಳೆಗಳನ್ನು ವಿದ್ಯಾರ್ಥಿಗಳಿಗೆ ತೋರಿಸುವುದೇ ನನ್ನ ಕೆಲಸ. ಒದ್ದೆ ಬಟ್ಟೆಯಲ್ಲಿ ಅದರ ಬೀಜಕಣಗಳು ಎಷ್ಟು ಕಾಲ ಬದುಕುತ್ತವೆ ಎಂದು ಹಲಗೆಯ ಮೇಲೆ ಬರೆಯುತ್ತಿದ್ದೆ. ಬರೆಯುವಾಗ ಬೂಟಿನೊಳಗೆ ಬೆರಳು ಮಡಚಿಕೊಂಡು ನಿಂತಿರುತ್ತಿದ್ದೆ.

ಬೇವಿನ ಎಣ್ಣೆ, ಅರಿಸಿನ, ಲಿಂಬೆ ಎಲ್ಲ ಆಯಿತು. ಧಾರವಾಡದ ಒಬ್ಬ ವೈದ್ಯರು ಗುಳಿಗೆ ಕೊಟ್ಟರು. ಎರಡನೆಯ ತಿಂಗಳು ರಕ್ತಪರೀಕ್ಷೆಯಲ್ಲಿ ಯಕೃತ್ತಿಗೆ ತೊಂದರೆ ಕಂಡು ನಿಲ್ಲಿಸಿದರು. ಮೇಲೆ ಹಚ್ಚುವ ಔಷಧಿ ಹಚ್ಚಿದೆ, ಅದು ಉಗುರಿನ ಮೇಲೆಯೇ ಉಳಿಯಿತು. ಕೊನೆಗೆ ಕಂದುಬಣ್ಣದ ಪಾಲಿಶ್ ಬಳಿದು ಮುಚ್ಚಿದೆ. ಮದುವೆಮನೆಗಳಿಗೆ ಹೋಗುವುದನ್ನು ಬಿಟ್ಟೆ. ಜಮಖಾನೆಯ ಮೇಲೆ ಕುಳಿತರೆ ಸೀರೆಯ ಅಂಚನ್ನು ಬೆರಳ ಮೇಲೆ ಎಳೆದುಕೊಳ್ಳುವುದು ಉಸಿರಾಡುವಷ್ಟು ಸಹಜವಾಯಿತು.

ನಮ್ಮ ಮನೆಯಲ್ಲಿ ದೇವರ ಕೋಣೆಗೆ ಹೋಗುವ ಮೊದಲು ಬಚ್ಚಲಲ್ಲಿ ಕಾಲು ತೊಳೆದು, ಹೊಸ್ತಿಲ ಮುಂದೆ ಹಾಸಿದ ಹಳೆಯ ಕೌದಿಯ ತುಂಡಿಗೆ ಒರಸಿ ಒಳಗಡಿ ಇಡಬೇಕು. ಅಜ್ಜಿ ಹೊಲಿದ ಕೌದಿ ಅದು, ಎಂದೂ ಪೂರ್ತಿ ಒಣಗಿದ್ದನ್ನು ನಾನು ನೋಡಿಲ್ಲ. ನಾನೂ ಅಲ್ಲೇ ಒರಸುತ್ತಿದ್ದೆ, ಅವ್ವನೂ ಅಲ್ಲೇ. ತರಗತಿಯಲ್ಲಿ ಬರೆದದ್ದು ಆ ಹೊಸ್ತಿಲಲ್ಲಿ ಒಂದು ದಿನವೂ ನನಗೆ ನೆನಪಾಗಲಿಲ್ಲ. ದೇವರ ಮುಂದೆ ಹೋಗಲು ತೊಳೆದ ಕಾಲು ಶುದ್ಧವೇ ಎಂದು ನಂಬಿದ್ದೆ.

ಹೋದ ವರ್ಷ ಶ್ರಾವಣದ ಎರಡನೆಯ ಸೋಮವಾರ. ಅವ್ವ ಕಲ್ಮೇಶ್ವರನ ಗುಡಿಯಿಂದ ಬಂದು ಅಡುಗೆಮನೆಗೆ ಹೋದಳು. ಹಿಂದೆಯೇ ಬಂದ ನಾನು ಸಿಮೆಂಟಿನ ನೆಲದ ಮೇಲೆ ಅವಳ ಹೆಜ್ಜೆಗಳನ್ನು ಕಂಡೆ. ಒಂದು ಹೆಜ್ಜೆ ಬಿಟ್ಟು ಒಂದರಲ್ಲಿ ರಕ್ತ.

"ಅವ್ವಾ, ಕಾಲಿಗೆ ಏನಾತು?"

"ಏನಾತು?" ಎಂದು ಅವಳೇ ತಿರುಗಿ ಕೇಳಿದಳು. ಅವಳಿಗೆ ಗೊತ್ತೇ ಆಗಿರಲಿಲ್ಲ. ಅವ್ವನಿಗೆ ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ, ಪಾದಗಳಲ್ಲಿ ಸ್ಪರ್ಶವೇ ಇಲ್ಲ. ಕುಳ್ಳಿರಿಸಿ ನೋಡಿದೆ. ಬಲಗಾಲಿನ ಹೆಬ್ಬೆರಳು ಊದಿತ್ತು. ಉಗುರು ಹಳದಿ, ದಪ್ಪ, ಸುಣ್ಣದಂತೆ ಉದುರುವಂಥದು. ಅದರ ಅಂಚು ಮಾಂಸದೊಳಗೆ ಇಳಿದು ಕೀವಾಗಿತ್ತು. ಅದು ನನ್ನ ಉಗುರು. ಅವಳ ಕಾಲಿನಲ್ಲಿ ನನ್ನ ಉಗುರನ್ನೇ ನೋಡಿದೆ.

ಮುಂಡಗೋಡದಲ್ಲಿರುವ ನನ್ನ ದೊಡ್ಡವ್ವನಿಗೂ ಸಕ್ಕರೆ ಕಾಯಿಲೆ. ಬೆರಳಿನ ಒಂದು ಗಾಯದಿಂದ ಶುರುವಾಗಿ ಮೊಣಕಾಲಿನ ಕೆಳಗೆ ಕಾಲು ಕಳೆದುಕೊಂಡವಳು. ಆ ದಿನವೆಲ್ಲ ನನಗೆ ಅವಳು ಬಾಗಿಲ ಬಳಿ ಕೋಲು ಹಿಡಿದು ಕುಳಿತದ್ದೇ ಕಣ್ಣಿಗೆ ಬರುತ್ತಿತ್ತು.

ಮಂಗಳವಾರ ಬೆಳಗಿನ ಬಸ್ಸಿಗೆ ಹಳಿಯಾಳ, ಅಲ್ಲಿಂದ ಹುಬ್ಬಳ್ಳಿ. ಶಸ್ತ್ರವೈದ್ಯರು ಗಾಯ ತೊಳೆದು ಕಟ್ಟಿದರು.

"ಹತ್ತು ದಿನ ನೋಡೂಣು. ಒಣಗಿದ್ರ ಚಲೋ. ಇಲ್ಲಂದ್ರ ಬೆರಳು ತಗೀಬೇಕಾಗ್ತೈತಿ. ಮ್ಯಾಲೆ ಏರಿದ್ರ ಬೆರಳಿಗೆ ನಿಲ್ಲೂದಿಲ್ಲ" ಎಂದು ನನ್ನ ಕಡೆ ನೋಡಿ ಹೇಳಿ, ಅವ್ವನನ್ನು ಕೇಳಿದರು, "ಚಪ್ಪಲಿ ಹಾಕ್ಕೊಂಡ ಅಡ್ಡಾಡ್ತೀರಿಲ್ಲ ಅಮ್ಮಾ?"

"ಹಾಕ್ಕೋತೇನ್ರಿ. ಸೋಮವಾರ ಒಂದ ದಿನ ಇಲ್ರಿ. ಹರಕಿ ಐತ್ರಿ."

"ದೇವರು ಕಾಲು ಕೇಳ್ಯಾನೇನ್ರಿ?"

"ದೇವರು ಏನೂ ಕೇಳಿಲ್ರಿ. ನಾನ ಕೊಟ್ಟೇನಿ."

ಉಗುರಿನಲ್ಲಿ ಶಿಲೀಂಧ್ರ ಇದೆ, ಚರ್ಮದ ವೈದ್ಯರಿಗೂ ತೋರಿಸಿ ಎಂದರು. ಪಕ್ಕದ ಕೋಣೆಯಲ್ಲಿದ್ದ ಆ ವೈದ್ಯೆ ಉಗುರನ್ನು ದೀಪದ ಕೆಳಗೆ ನೋಡಿ, "ಮನ್ಯಾಗ ಮತ್ತ ಯಾರಿಗರ ಹಿಂಗ ಐತೇನ್ರಿ?" ಎಂದು ಕೇಳಿದರು.

"ಇಲ್ಲ" ಎಂದೆ.

ಯೋಚಿಸಿ ಹೇಳಿದ ಸುಳ್ಳಲ್ಲ. ಒಂಬತ್ತು ವರ್ಷದ ಅಭ್ಯಾಸವೇ ಬಾಯಿಗೆ ಬಂದಿತ್ತು. ಅವ್ವ ನನ್ನ ಬೂಟುಗಳನ್ನು ಒಮ್ಮೆ ನೋಡಿ ಕಿಟಕಿಯ ಕಡೆ ಮುಖ ತಿರುಗಿಸಿದಳು.

ತಿರುಗಿ ಬರುವಾಗ ಬಸ್ಸಿನಲ್ಲಿ ಅವಳ ಕಾಲನ್ನು ನನ್ನ ಚೀಲದ ಮೇಲೆ ಇರಿಸಿಕೊಂಡಿದ್ದೆ. ಕಲಘಟಗಿ ದಾಟಿದ ಮೇಲೆ ಕೇಳಿದೆ. "ಯಾತರ ಹರಕಿ ಅವ್ವಾ?"

"ನಿನ್ನ ಉಗರಿಂದು."

"ನೀ ಯಾವಾಗ ನೋಡಿದಿ?"

"ನೀ ಓದು ಮುಗಿಸಿ ಬಂದ ವರ್ಷ. ಮಧ್ಯಾಹ್ನ ಮಲಗಿದ್ದಿ, ಕಾಲು ಚಾದರದ ಹೊರಗಿದ್ವು."

"ಮತ್ತ ನನ್ನ ಕೇಳಲಿಲ್ಲಲ್ಲ?"

"ನೀ ಹೇಳಲಿಲ್ಲಲ್ಲ. ಮುಚ್ಚಿಟ್ಟಿದ್ದನ್ನ ತಗದು ನೋಡೂದು ಹೆಂಗ? ಅದಕ್ಕ ಗುಡ್ಯಾಗ ಅಂವಗ ಹೇಳಿದೆ."

ನಾನು ಅತ್ತೆ. ಇನ್ನು ಮುಂದೆ ಒಂದು ದಿನವೂ ಚಪ್ಪಲಿ ಬಿಡಬೇಡ ಎಂದು ಕೈ ಹಿಡಿದು ಕೇಳಿಕೊಂಡೆ. ಅವ್ವ ಮೆತ್ತಗೆ, ಆದರೆ ಕಡಿದು ಹೇಳಿದಳು. "ನಿನ್ನ ಉಗುರು ನೆಟ್ಟಗಾಗೂತನಾ ಸೋಮವಾರ ಬರಿಗಾಲಲೆ ಬರ್ತೇನಿ ಅಂದೇನಿ. ನೆಟ್ಟಗಾಗೇತೇನು?"

ಆಗಿರಲಿಲ್ಲ. ನನ್ನ ಉಗುರು ನೆಟ್ಟಗಾಗುವವರೆಗೆ ಅವ್ವ ಕೆಸರಲ್ಲಿ ಬರಿಗಾಲಲ್ಲಿ ನಡೆಯುತ್ತಾಳೆ. ಅವ್ವನ ಬೆರಳಿಗೆ ಇರುವುದು ಹತ್ತು ದಿನ. ಈ ಎರಡು ಮಾತುಗಳ ನಡುವೆ ಮೂರು ದಿನ ಊಟ ಸೇರಲಿಲ್ಲ.

ಶುಕ್ರವಾರ ರಜೆ ಹಾಕಿ ಒಬ್ಬಳೇ ಹುಬ್ಬಳ್ಳಿಗೆ ಹೋದೆ. ಅದೇ ವೈದ್ಯೆಯ ಮುಂದೆ ಕಾಲುಚೀಲ ತೆಗೆದು, "ಅವತ್ತು ಸುಳ್ಳು ಹೇಳಿದೆ" ಎಂದೆ. ಅವರು ಬೈಯಲಿಲ್ಲ. ಸ್ಪಿರಿಟ್‌ನಿಂದ ಪಾಲಿಶ್ ಒರಸಿ ತೆಗೆದು, ಉಗುರಿನ ಪುಡಿಯನ್ನು ಪರೀಕ್ಷೆಗೆ ತೆಗೆದುಕೊಂಡು, ಹಳೆಯ ವರದಿಗಳನ್ನು ಓದಿದರು. ಗುಳಿಗೆ ನಿನಗೆ ಆಗುವುದಿಲ್ಲ, ಲೇಸರ್ ಮಾಡಿ ನೋಡಬಹುದು ಎಂದರು.

"ಸೋಮವಾರದೊಳಗ ನೆಟ್ಟಗಾಗ್ತೈತೇನ್ರಿ?"

ಅವರು ನನ್ನ ಮುಖ ನೋಡಿದರು. ಎಂ.ಎಸ್ಸಿ. ಓದಿದವಳು ಕೇಳುವ ಪ್ರಶ್ನೆಯಲ್ಲ ಅದು. "ಲೇಸರ್ ಶಿಲೀಂಧ್ರಕ್ಕ ಶಾಖಾ ಕೊಡ್ತೈತಿ ಅಷ್ಟ. ಹೊಸಾ ಉಗುರು ಬುಡದಿಂದ ಬೆಳದು ಬರಾಕ ವರ್ಷ ಬೇಕು. ತಿಂಗಳಿಗೊಮ್ಮೆ, ನಾಕು ಸಲ ಮಾಡೂಣು. ಎಲ್ಲಾರಿಗೂ ಪೂರ್ತಿ ವಾಸಿ ಆಗೂದಿಲ್ಲ, ಖಾತ್ರಿ ನಾ ಕೊಡೂದಿಲ್ಲ."

ಆದರೂ ಮಾಡಿಸಿಕೊಂಡೆ. ಉಗುರನ್ನು ಉಜ್ಜಿ ತೆಳ್ಳಗೆ ಮಾಡಿದರು. ಕಣ್ಣಿಗೆ ಕಪ್ಪು ಕನ್ನಡಕ ಹಾಕಿದರು. ಪೆನ್ನಿನಂಥ ಒಂದು ಸಾಧನ ಉಗುರಿನ ಮೇಲೆ ಗೆರೆ ಗೆರೆಯಾಗಿ ಸರಿಯಿತು. ಮೊದಲು ಬೆಚ್ಚಗೆ, ಆಮೇಲೆ ಕಾದ ಸೂಜಿ ಚುಚ್ಚಿದ ಹಾಗೆ. ಕೂದಲು ಸುಟ್ಟ ವಾಸನೆ ಬಂತು. ತಾಳಲಾಗದಿದ್ದರೆ ಹೇಳು ಎಂದಿದ್ದರು. ನಾನು ಹೇಳಲಿಲ್ಲ. ಇಷ್ಟಾದರೂ ನನಗೆ ನೋಯಲಿ, ಅವಳಿಗೆ ನೋವೂ ತಿಳಿಯುತ್ತಿಲ್ಲ ಎಂದು ಪಂಚಾಕ್ಷರಿ ಜಪಿಸುತ್ತ ಕುಳಿತೆ. ಹೊರಡುವಾಗ ಅವರು, ಇನ್ನು ಪಾಲಿಶ್ ಬೇಡ, ಕಾಲು ಒಣಗಿರಲಿ, ಒಬ್ಬರು ಒರಸಿದ ಬಟ್ಟೆಗೆ ಇನ್ನೊಬ್ಬರು ಒರಸಬಾರದು ಎಂದರು. ಕೌದಿ ನೆನಪಾದದ್ದು ಆಗಲೇ. ನನ್ನ ಪಾಠ ನನಗೇ ಯಾರೋ ಓದಿ ಹೇಳಿದಂತಿತ್ತು.

ಸೋಮವಾರ ಬೆಳಗ್ಗೆ ಜಿಟಿಜಿಟಿ ಮಳೆ. ಆಸ್ಪತ್ರೆಯಲ್ಲಿ ಹೇಳಿದ ಮೆತ್ತನೆಯ ಚಪ್ಪಲಿಗಳನ್ನು ಅವ್ವ ವಾರವೆಲ್ಲ ಹಾಕಿಕೊಂಡಿದ್ದಳು. ಅಂದು ತೆಗೆದು ಗೋಡೆಗೆ ಒರಗಿಸಿಟ್ಟು, ಕಟ್ಟಿದ ಬ್ಯಾಂಡೇಜಿನ ಮೇಲೆ ಒಂದು ಅರಿವೆ ಸುತ್ತಿದಳು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಬದಿಗೆ ಸರಿ."

"ಇಲ್ಲ."

"ಸರಿ ಅಂದ್ನೆಲ್ಲ!"

ನನ್ನನ್ನು ಬದಿಗೆ ಸರಿಸಿ ಹೊರಟೇ ಹೋದಳು. ಚಪ್ಪಲಿಗಳನ್ನು ಕೈಚೀಲಕ್ಕೆ ಹಾಕಿಕೊಂಡು ಹಿಂದೆ ಓಡಿದೆ. ಆ ದಾರಿಯಲ್ಲಿ ಬೇಡಿದ್ದನ್ನು ಇಲ್ಲಿ ಬರೆಯಬೇಕು. ಕಲ್ಮೇಶ್ವರಾ, ಒಂಬತ್ತು ವರ್ಷ ಉಗುರು ಕೇಳಿದೆ. ಇನ್ನು ಕೇಳುವುದಿಲ್ಲ. ಇದು ಹೀಗೇ ಇರಲಿ, ಹತ್ತೂ ಬೆರಳಿಗೆ ಹಬ್ಬಲಿ. ಅವಳ ಕಾಲು ಬಿಟ್ಟುಬಿಡು. ನನಗೆ ಬೇರೆ ದಾರಿ ಗೊತ್ತಿಲ್ಲ.

ಗುಡಿಯ ಪಡಸಾಲೆಯಲ್ಲಿ ಹತ್ತು ಹನ್ನೆರಡು ಹೆಂಗಸರು ಹೂವು, ಬಿಲ್ವಪತ್ರೆ ಹಿಡಿದು ಕುಳಿತಿದ್ದರು. ಪೂಜೆಯ ಅಜ್ಜ ಅವ್ವನ ಕಾಲು ನೋಡಿ, "ಏನ ನೀಲವ್ವ, ಕಾಲಿಗೆ ರುಮಾಲು ಸುತ್ತಿ ಬಂದೀಯಲ್ಲ, ಅದರದು ಮದುವಿ ಗಿದುವಿ ಐತೇನು?" ಎಂದರು. ಎಲ್ಲರೂ ನಕ್ಕರು. ಅವ್ವನೂ ನಕ್ಕಳು. ಅರಿವೆಯಿಂದ ಕೆಸರುನೀರು ಇಳಿಯುತ್ತಿತ್ತು.

ನಾನು ಮೆಟ್ಟಿಲ ಬಳಿ ಬೂಟು, ಕಾಲುಚೀಲ ಬಿಚ್ಚಿದೆ. ಪಾಲಿಶ್ ಬಳಿಯದ ಆ ಉಗುರನ್ನು ಇಟ್ಟುಕೊಂಡು ನಾಲ್ಕು ಜನರ ನಡುವೆ ಹೋದದ್ದು ಅದೇ ಮೊದಲು. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಅಜ್ಜಾರ, ಇದು ನಂದು. ಒಂಬತ್ತು ವರ್ಷ ಮುಚ್ಚಿಟ್ಟೆ. ನನ್ನಿಂದ ಅವ್ವಗ ಹತ್ತೇತಿ. ಇದು ವಾಸಿ ಆಗೂತನಾ ಸೋಮವಾರ ಚಪ್ಪಲಿ ಮೆಟ್ಟಂಗಿಲ್ಲಂತ ಹರಕಿ ಹೊತ್ತಾಳ. ಈ ವಾರ ಒಣಗದಿದ್ರ ಬೆರಳು ಕಡೀತಾರ. ಅಕಿ ನನ್ನ ಮಾತು ಕೇಳವಲ್ಲಳು. ನೀವರ ಹೇಳ್ರಿ."

ಎಲ್ಲರೂ ನನ್ನ ಉಗುರನ್ನೇ ನೋಡುತ್ತಿದ್ದರು. ಕೆಳಗೆ ಕುಳಿತ ಒಬ್ಬಾಕೆ, "ಅಯ್ಯ, ನನ್ನ ಸೊಸಿಗೂ ಹಿಂಗ ಐತಿ" ಎಂದಳು, ಅಷ್ಟೇ.

ಅಜ್ಜ ನನ್ನ ಉಗುರಿನಿಂದ ಅವ್ವನ ಕಾಲಿನ ಕಡೆ ನೋಡಿ ಕೇಳಿದರು. "ಚಪ್ಪಲಿ ಎಲ್ಲಿ ಅದಾವು?"

ಚೀಲ ತೋರಿಸಿದೆ. ಅವನ್ನು ಮೆಟ್ಟಿಲ ಮೇಲೆ ಇಡಿಸಿ, ನೀರು ಚಿಮುಕಿಸಿ, ಎರಡಕ್ಕೂ ವಿಭೂತಿ ಹಚ್ಚಿದರು. "ಹರಕಿ ಮುರಿಯೂದು ಬ್ಯಾಡ. ತಾಯಿ ಹೊತ್ತಿದ್ದನ್ನ ಮಗಳು ಹೊರಬಹುದು. ಇವನ್ನ ತಲಿ ಮ್ಯಾಲೆ ಇಟ್ಕೊಂಡ ಗುಡಿ ಮೂರು ಸುತ್ತು ಬಾ ತಂಗಿ. ನಿನ್ನ ಉಗುರು ನೆಟ್ಟಗಾಗೂತನಾ ಸೋಮವಾರಕ್ಕೊಮ್ಮೆ."

ಅವ್ವ ಎದ್ದೇಬಿಟ್ಟಳು. "ಅಜ್ಜಾರ! ಚಪ್ಪಲಿ, ಗುಡಿ ಸುತ್ತ?"

"ಶರಣರು ತೊಗಲಿನ ಚಮ್ಮಾವುಗಿ ತಲಿ ಮ್ಯಾಲೆ ಹೊತ್ತಾರ. ನೀ ಕಾಲಾಗ ಹಾಕ್ಕೊಳ್ಳಾಕ ಒಲ್ಲೆ ಅಂತಿ. ಅವರಕಿಂತ ದೊಡ್ಡಾಕಿ ಆದೇನು?"

ಅವ್ವ ಕುಳಿತಳು. ನಾನು ಚಪ್ಪಲಿಗಳನ್ನು ತಲೆಯ ಮೇಲಿಟ್ಟು ಎರಡೂ ಕೈಯಿಂದ ಹಿಡಿದು ಸುತ್ತಿದೆ. ಮಳೆ ಹಣೆಯ ಮೇಲೆ ಇಳಿಯುತ್ತಿತ್ತು. ಯಾರು ನೋಡುತ್ತಾರೆ ಎಂಬ ಯೋಚನೆ ಎರಡನೆಯ ಸುತ್ತಿನಲ್ಲಿ ಎಲ್ಲೋ ಬಿಟ್ಟುಹೋಯಿತು. ಮೂರನೆಯ ಸುತ್ತು ಮುಗಿಸಿ ಅವ್ವನ ಮುಂದೆ ಕುಳಿತು ಅವುಗಳನ್ನು ಅವಳ ಕಾಲ ಬಳಿ ಇಟ್ಟೆ. ಅವ್ವ ಕಣ್ಣು ಮುಚ್ಚಿ ಕೈಮುಗಿದು, ಒಂದೊಂದಾಗಿ ಮೆಟ್ಟಿದಳು. ಅಲ್ಲಿಂದ ನೇರವಾಗಿ ಹಳಿಯಾಳದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಒದ್ದೆಯಾದ ಬ್ಯಾಂಡೇಜು ಬದಲಿಸಿಕೊಂಡು ಬಂದೆ.

ಹತ್ತನೆಯ ದಿನ ಹುಬ್ಬಳ್ಳಿಯಲ್ಲಿ ಶಸ್ತ್ರವೈದ್ಯರು ಬೆರಳನ್ನು ಎಲ್ಲ ಕಡೆಯಿಂದ ಒತ್ತಿ ನೋಡಿದರು. ನಾನು ಗೋಡೆಗೆ ಒರಗಿ ನಿಂತಿದ್ದೆ.

"ಒಣಗೇತಿ. ಬೆರಳು ಉಳೀತು."

"ನಾ ಹೇಳಿದ್ನೆಲ್ರಿ," ಎಂದಳು ಅವ್ವ, "ದೇವರು ಏನೂ ಕೇಳಿಲ್ಲಂತ."

ಮನೆಗೆ ಬಂದು ಕೌದಿಯ ತುಂಡನ್ನು ಬಚ್ಚಲ ಒಲೆಗೆ ಹಾಕಿದೆವು. ಈಗ ಹೊಸ್ತಿಲ ಪಕ್ಕದಲ್ಲಿ ಎರಡು ಮೊಳೆ, ಎರಡು ಟವೆಲ್. ಲೇಸರ್ ನಾಲ್ಕು ಸಲ ಆಯಿತು. ಪ್ರತಿ ಸೋಮವಾರ ಚಪ್ಪಲಿ ಹೊತ್ತೆ. ಮೊದಮೊದಲು ಹುಡುಗಿಯರು ನಕ್ಕರು, ಆಮೇಲೆ ಅಭ್ಯಾಸವಾಯಿತು. ನಾಲ್ಕು ತಿಂಗಳ ಮೇಲೆ ಉಗುರಿನ ಬುಡದಲ್ಲಿ ಅಕ್ಕಿಕಾಳಿನ ದಪ್ಪದಷ್ಟು ತಿಳಿ ಗುಲಾಬಿ ಕಂಡಿತು. ಅದು ತೀರ ನಿಧಾನವಾಗಿ ಮುಂದೆ ಬಂತು. ಈ ಶ್ರಾವಣದ ಮೊದಲ ಸೋಮವಾರ ತುದಿಯ ಕೊನೆಯ ಹಳದಿ ಚೂರನ್ನು ಕತ್ತರಿಸಿದೆ. ಅವ್ವ ಕನ್ನಡಕ ಹಾಕಿಕೊಂಡು ನನ್ನ ಕಾಲನ್ನು ತನ್ನ ತೊಡೆಯ ಮೇಲೆ ತೆಗೆದುಕೊಂಡಳು. ನಾನು ಎಳೆದುಕೊಳ್ಳಲಿಲ್ಲ.

"ನೆಟ್ಟಗಾಗೇತಿ" ಎಂದಳು.

ಲೇಸರಿನಿಂದ ಆಯಿತೋ ಹರಕೆಯಿಂದ ಆಯಿತೋ ಎಂದು ಕೇಳುವವರಿಗೆ ನನ್ನಲ್ಲಿ ಇರುವುದು ಒಂದೇ ಉತ್ತರ. ಉಗುರಿಗೆ ದೇವರು ವರ್ಷ ತೆಗೆದುಕೊಂಡ, ಅವ್ವನ ಕಾಲಿಗೆ ಹತ್ತು ದಿನವನ್ನೂ ಮೀರಲಿಲ್ಲ. ಯಾವುದು ಅವಸರದ್ದು ಎಂದು ಅವನಿಗೆ ಗೊತ್ತಿತ್ತು. ಒಂಬತ್ತು ವರ್ಷ ನಾನು ಮುಚ್ಚಿಟ್ಟಿದ್ದನ್ನು ಅವನು ತೆರೆಸಿದ್ದಕ್ಕೆ ಋಣಿ. ಏನನ್ನಾದರೂ ಮುಚ್ಚಿಟ್ಟುಕೊಂಡು ಒಬ್ಬರೇ ಬೇಡುತ್ತಿರುವವರು ಇದನ್ನು ಓದಿದರೆ, ಮೊದಲು ಮನೆಯವರಿಗೆ ಹೇಳಿ. ಅದಕ್ಕಾಗಿಯೇ ಇಷ್ಟು ಬರೆದೆ.

ಹರಕೆ ಮುಗಿದ ಮರುವಾರ, ಸೋಮವಾರ ಬೆಳಗ್ಗೆ, ನಾನು ಕಾಲು ಒರಸಿಕೊಳ್ಳುತ್ತಿದ್ದಾಗ ಅಂಗಳದಿಂದ ಅವ್ವನ ದನಿ ಕೇಳಿತು.

"ಏ, ನನ್ನ ಚಪ್ಪಲಿ ಎಲ್ಲಿಟ್ಟಿ? ಗುಡಿಗೆ ಹೊತ್ತಾತು!"