ಹಿಂದೆ ಬೈಕು ಬರಕೂಡದು

…ಅಥವಾ ಬೆಳಕು ಇರಲೇ ಇಲ್ಲವೇನೋ. ಮುದುಕಿ ಹೇಳಿದ ಮಾತನ್ನೇ ನಾನು ಕಣ್ಣಾರೆ ಕಂಡಂತೆ ಇಷ್ಟು ದಿನ ನೆನಪಿಟ್ಟುಕೊಂಡಿರಬಹುದು. ನೆನಪಿನಲ್ಲಿ ಅದು ಹಳದಿ ಬಣ್ಣದ್ದು, ಜಾಲಿ ಗಿಡದ ಹತ್ತಿರ ನಿಂತಿದೆ. ಆದರೆ ನಾನು ತಿರುಗಿಯೇ ನೋಡಿರಲಿಲ್ಲ. ನೋಡದ ಬೆಳಕಿಗೆ ಬಣ್ಣ ಎಲ್ಲಿಂದ ಬಂತು?

ಮೊದಲಿನಿಂದ ಹೇಳು ಅಂದರೆ ನನಗೆ ಅನುಮಾನ ಶುರುವಾಗುತ್ತದೆ. ಯಾವುದು ಮೊದಲು ಅನ್ನುವುದನ್ನು ಬರೆಯುವವರೇ ಆರಿಸಿಕೊಳ್ಳುತ್ತಾರೆ. ನಾನು ಬೈಕನ್ನು ಆರಿಸಿಕೊಳ್ಳುತ್ತೇನೆ.

ನಲವತ್ತು ದಾಟಿದ ಮೇಲೆ ಒಂದು ಅಲ್ಟ್ರಾ ಮ್ಯಾರಥಾನಿಗೆ ಹೆಸರು ಕೊಟ್ಟಿದ್ದೆ. ಮ್ಯಾರಥಾನಿಗಿಂತ ಉದ್ದದ ಓಟ. ಸಂಜೆ ಶುರುವಾದರೆ ಮರುದಿನ ಬೆಳಗಿನವರೆಗೆ. ರಾಯಚೂರಿನಲ್ಲಿ ಹಗಲು ಹೊತ್ತು ಅಭ್ಯಾಸ ಮಾಡಬಹುದು ಅನ್ನುವವರು ಇಲ್ಲಿಯ ಬಿಸಿಲು ಕಂಡವರಲ್ಲ. ಹಾಗಾಗಿ ಶನಿವಾರ ರಾತ್ರಿ ಊರು ಮಲಗಿದ ಮೇಲೆ ಓಡುತ್ತಿದ್ದೆ. ನಾನು ಮುಂದೆ, ನನ್ನ ಗಂಡ ಹಿಂದೆ ಬೈಕಿನಲ್ಲಿ. ಆತ ಒಳ್ಳೆಯವನೇ. ನೀರು, ಬಾಳೆಹಣ್ಣು, ಉಪ್ಪು ಹಾಕಿದ ಮಜ್ಜಿಗೆ, ಎಲ್ಲ ಆತನ ಚೀಲದಲ್ಲಿ. ಆದರೆ ಹೆಡ್‌ಲೈಟು ನನ್ನ ಬೆನ್ನಿಗೆ ಬಿದ್ದು ನೆರಳು ಮುಂದಕ್ಕೆ ಚಾಚುತ್ತಿತ್ತು. ತಿಂಗಳುಗಟ್ಟಲೆ ನನ್ನದೇ ನೆರಳನ್ನು ತುಳಿಯುತ್ತ ಓಡಿದೆ.

ನೋಡುವವರಿಗೂ ಕಾಣುತ್ತಿದ್ದದ್ದು ಬೈಕೇ. ಕಲ್ಮಲದ ಚಹಾದಂಗಡಿಯ ಮುಂದೆ ಲಾರಿ ನಿಲ್ಲಿಸಿಕೊಂಡಿದ್ದವನೊಬ್ಬ ಕೂಗಿದ: "ಯಣ್ಣಾ, ಪೆಟ್ರೋಲ್ ಉಳಿಸಾಕ ಅಕ್ಕಾರನ್ನ ಇಳಿಸೀಯೇನು?" ಗಂಡ ನಕ್ಕ. ನಾನೂ ನಕ್ಕೆ ಅಂತ ಬರೆದು ಅಳಿಸಿದ್ದೇನೆ. ನಕ್ಕಿರಲಿಲ್ಲ.

ಆಮೇಲೆ ದೇವದುರ್ಗ. ಅದು ನನ್ನ ತವರು. ಒಂದು ಶನಿವಾರ ಕಲ್ಮಲದವರೆಗೆ ಬೈಕಿನಲ್ಲಿ ಹೋಗಿ ಅಲ್ಲಿಂದ ದೇವದುರ್ಗಕ್ಕೆ ಓಡಿದೆ. ನಸುಕಿನಲ್ಲಿ ನಮ್ಮ ಓಣಿ ಹೊಕ್ಕಾಗ ಅವ್ವ ಅಂಗಳಕ್ಕೆ ನೀರು ಹೊಡೆಯುತ್ತಿದ್ದಳು. ಮದುವೆಯಾದ ಮಗಳು ಕೂದಲು ಕೆದರಿಕೊಂಡು, ಕೈಯಲ್ಲಿ ಒಂದು ಚೀಲವೂ ಇಲ್ಲದೆ, ಹೊತ್ತು ಮೂಡುವ ಮೊದಲೇ ಓಡುತ್ತ ತವರಿಗೆ ಬಂದರೆ ಆ ಓಣಿಯಲ್ಲಿ ಅದಕ್ಕೆ ಒಂದೇ ಅರ್ಥ. ಬೆನ್ನ ಹಿಂದೆಯೇ ಗಂಡನ ಬೈಕೂ ಬಂದರೆ ಸಾಕ್ಷಿಯೂ ಸಿಕ್ಕಂತೆ.

"ಯವ್ವಾ, ಹೊಡದ್ನೇನ ನಿನ್ನ?"

"ಇಲ್ಲ ಬೇ, ಓಡಾಕತ್ತಿದ್ದೆ."

"ಅದು ಕಾಣಾಕತ್ತದ. ಯಾಕ ಓಡಿ ಬಂದಿ?"

ಅವ್ವ ಕೊಡ ಕೆಳಗಿಟ್ಟು ಅಳಿಯನ ಕಡೆ ತಿರುಗಿದಳು. "ಮಂದಿ ಮುಂದ ಮರ್ಯಾದಿ ಇಟ್ಟೀರೇನ್ರೀ? ಇಲ್ಲಿತನಕಾ ಬೆನ್ನತ್ತಿ ಬಂದೀರಲ್ಲ!"

ಆತ ಚೀಲ ಎತ್ತಿ ತೋರಿಸಿದ. "ಇಲ್ಲರೀ ಅತ್ತಿ, ನಾ ಬಾಳಿಹಣ್ಣು ಕೊಡಾಕ ಬಂದೀನಿ."

ಅಷ್ಟರಲ್ಲಿ ಎದುರು ಮನೆಯ ಕಟ್ಟೆ ತುಂಬಿತ್ತು. ಈಗ ಈ ಕತೆಯನ್ನು ನನ್ನ ಗಂಡ ಹೇಳಿದರೆ ಅವ್ವ ಅಳುತ್ತಾಳೆ. ನಾನು ಹೇಳಿದರೆ ಬೈಯುತ್ತಾಳೆ. ಓಣಿಯವರು ಹೇಳುವ ಕತೆಯಲ್ಲಿ ನಾನು ಇವತ್ತಿಗೂ ಗಂಡನ ಮನೆ ಬಿಟ್ಟು ಓಡಿ ಬಂದವಳು. ಏನು ಹೇಳಿದರೂ ಮರುಕದಿಂದ ತಲೆಯಾಡಿಸುತ್ತಾರೆ.

ರಾಯಚೂರಿಗೆ ಮರಳಿದ ದಿನವೇ ಹೇಳಿದೆ, ಇನ್ನು ನನ್ನ ಹಿಂದೆ ಬೈಕು ಬರಕೂಡದು ಅಂತ.

"ಓಟದ ದಿನ ನಿಮ್ಮನ್ನ ಹಿಂದ ಬರಾಕ ಬಿಡ್ತಾರೇನ್ರೀ?"

"ಇಲ್ಲ."

"ಹಂಗಾದ್ರ ಅದಕ್ಕೂ ಮೊದ್ಲ ಒಮ್ಮೆ ನಾ ಒಬ್ಬಾಕಿನ ರಾತ್ರಿಯೆಲ್ಲಾ ಓಡಬೇಕು. ಆಗದಿದ್ರ ಹೋಗೋದ ಇಲ್ಲ."

"ದಾರ್ಯಾಗ ನಾಯಿ ಅದಾವ."

"ಅದಾವ."

"ಕುಡುಕರು ಅದಾರ."

"ನಾನೂ ಅದೀನಿ."

ಕೊನೆಗೆ ಒಪ್ಪಿದ. ನಾನು ರಾಯಚೂರಿನಿಂದ ಮಾನ್ವಿಗೆ ಓಡುವುದು. ಆತ ಬೆಳಗಾದ ಮೇಲೆ ಹೊರಟು ಮಾನ್ವಿ ಬಸ್ ನಿಲ್ದಾಣಕ್ಕೆ ಬರುವುದು. ನಡುವೆ ಎಲ್ಲಿಯೂ ಕಾಣಿಸಿಕೊಳ್ಳಕೂಡದು.

ಆ ರಾತ್ರಿ ಹೆದರಿದ್ದೆ. ಹೆದರಲಿಲ್ಲ ಅಂತ ಬರೆದರೆ ಈ ಬರಹಕ್ಕೆ ಹೊಂದುತ್ತದೆ, ಅದಕ್ಕೇ ಬರೆಯುವುದಿಲ್ಲ. ಹಣೆಗೆ ಕಟ್ಟಿದ ದೀಪದ ಬೆಳಕು ಎರಡು ಹೆಜ್ಜೆಯಷ್ಟು ರಸ್ತೆಯನ್ನು ಮಾತ್ರ ತೋರಿಸುತ್ತಿತ್ತು. ಮುಂದೆ ನೆರಳು ಇರಲಿಲ್ಲ. ಮೊದಮೊದಲು ಯಾರೋ ಕಾಲು ಕದ್ದಂತೆ ಅನಿಸಿತು. ಕಲ್ಮಲದ ನಾಯಿಗಳು ಬೊಗಳಿದವು. ನಿಂತು ನಾನೂ ಜೋರಾಗಿ ಗದರಿಸಿದೆ. ಸುಮ್ಮನಾದವು.

ಸುಗ್ಗಿಯ ಕಾಲ. ಕಾಲುವೆ ನೀರಿನ ಊರುಗಳು ಬಂದ ಮೇಲೆ ಅರ್ಧ ರಸ್ತೆ ಭತ್ತದ್ದು. ಹಗಲು ಡಾಂಬರಿನ ಮೇಲೆ ಹರವಿ ಒಣಗಿಸುತ್ತಾರೆ. ರಾತ್ರಿ ರಾಶಿ ಮಾಡಿ, ತಾಡಪತ್ರಿ ಮುಚ್ಚಿ, ಸುತ್ತ ಕಲ್ಲು ಇಟ್ಟು, ಪಕ್ಕದಲ್ಲೇ ಮಲಗಿ ಕಾಯುತ್ತಾರೆ. ಮಾನ್ವಿಗೆ ಮೊದಲು ಸಿಗುವ ನೀರಮಾನ್ವಿ ಇನ್ನೂ ಸ್ವಲ್ಪ ದೂರ ಇರುವಾಗ ಅಂಥದೊಂದು ಕಲ್ಲಿಗೆ ಎಡವಿ ಬಿದ್ದೆ. ಮೊಣಕಾಲು ತರಚಿತು. ರಾಶಿಯ ಪಕ್ಕದ ಕಂಬಳಿ ಎದ್ದು ಕೂತಿತು. ಒಳಗೆ ಒಬ್ಬ ಮುದುಕಿ.

"ಯಾರಲೇ ಅದು? ನೆಲ್ಲು ಮುಟ್ಟಿದ್ರ ಕೈ ಮುರಿತೀನಿ!"

"ನಿನ್ನ ನೆಲ್ಲು ಯಾರಿಗೆ ಬೇಕ ಬೇ? ದಾರ್ಯಾಗ ಕಲ್ಲು ಇಟ್ಟೀಯಲ್ಲ, ರಸ್ತಿ ನಿಮ್ಮಪ್ಪಂದೇನು?"

"ನಿಮ್ಮಪ್ಪಂದೇನು, ಹಿಂಗ ನಡುರಾತ್ರಿ ಓಡಾಕ?"

ಇಬ್ಬರ ಅಪ್ಪಂದಿರದೂ ಅಲ್ಲದ ಆ ರಸ್ತೆಯಲ್ಲಿ ನಾನು ಕೂತುಕೊಂಡೆ. ಆಕೆ ತಂಬಿಗೆ ಮುಂದೆ ಸರಿಸಿದಳು. ಮೊಣಕಾಲು ತೊಳೆದುಕೊಂಡೆ.

"ನೀರಮಾನ್ವಿ ಎಲ್ಲಮ್ಮಗ ಹರಕಿ ಹೊತ್ತೀಯೇನು?"

"ಇಲ್ಲ."

"ಗಂಡ ಹೊಡದ್ನ?"

"ಇಲ್ಲ ಯವ್ವಾ."

"ಮತ್ಯಾಕ ಓಡ್ತಿ?"

"ಸುಮ್ನ."

"ಸುಮ್ನ ಯಾರು ಓಡ್ತಾರ? ಹರಕಿ ಅಂತ ಹೇಳು, ಯಾರೂ ಮುಂದ ಕೇಳಂಗಿಲ್ಲ."

"ಹೇಳಂಗಿಲ್ಲ."

"ಭಾಳ ಮೊಂಡಿ ಅದಿ ಬಿಡು," ಅಂದಳು. ಬೈದಂತೆ ಕೇಳಿಸಲಿಲ್ಲ. ಆಮೇಲೆ ನನ್ನ ಹೆಗಲಿನಾಚೆ ನೋಡಿದಳು. "ಮತ್ತ ಅಲ್ಲಿ ಜಾಲಿ ಗಿಡದತ್ತ ಗಾಡಿ ನಿಂತದಲ್ಲ, ನಿಮ್ಮವರೇನು?"

ಕುತ್ತಿಗೆ ತಾನಾಗಿ ತಿರುಗಲು ಹೊರಟಿತು. ತಡೆದೆ. ಅದು ಆತನೇ ಆಗಿದ್ದರೆ ನನ್ನ ಓಟ ಅಲ್ಲಿಗೇ ಮುಗಿಯುತ್ತಿತ್ತು. ಬೇರೆ ಯಾರೋ ಆಗಿದ್ದರೆ ಕಾಲು ಏಳುತ್ತಿರಲಿಲ್ಲ.

"ನನ್ನ ಹಿಂದ ಯಾರೂ ಇಲ್ಲ," ಅಂದೆ.

"ಅದ ಅಂದ್ರ! ದೀಪ ಕಾಣಾಕತ್ತದ."

"ಇರ್ಲಿ. ನಂದಲ್ಲ."

ಎದ್ದು ಓಡಿದೆ. ಮೊಣಕಾಲು ಉರಿಯುತ್ತಿತ್ತು. ಇಂಜಿನ್ನಿನ ಸದ್ದು ಕೇಳಿಸಿತೇ ಅಂದರೆ, ಎಷ್ಟೋ ಸಲ ಕೇಳಿಸಿತು; ಅದು ದೂರದ ಹೊಲಗಳ ಕೊಯ್ಯುವ ಯಂತ್ರದ್ದೂ ಆಗಿರಬಹುದು.

ಮಾನ್ವಿ ಮುಟ್ಟಿದಾಗ ಪೂರ್ತಿ ಬೆಳಕಾಗಿತ್ತು. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಗಂಡ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮುಂದಿಟ್ಟುಕೊಂಡು ಕೂತಿದ್ದ.

"ಯಾವಾಗ ಬಂದ್ರಿ?"

"ಈಗ."

ಹೊರಗೆ ನಿಂತಿದ್ದ ಬೈಕಿನ ಸೈಲೆನ್ಸರ್ ಮುಟ್ಟಿ ನೋಡಬೇಕು ಅನಿಸಿತು. ಮುಟ್ಟಿದರೂ ಏನೂ ತಿಳಿಯುತ್ತಿರಲಿಲ್ಲ. ರಾಯಚೂರಿನಿಂದ ಬಂದ ಬೈಕು ಹೇಗೆ ಬಂದರೂ ಬಿಸಿಯೇ. ಓಡಿದ ದಾರಿಯನ್ನು ಗುರುತಿಟ್ಟುಕೊಳ್ಳುವ ನನ್ನ ಕೈಗಡಿಯಾರದಲ್ಲಿ ಆ ರಾತ್ರಿಯ ಗೆರೆ ಇನ್ನೂ ಇದೆ. ನೀರಮಾನ್ವಿಗೆ ಮುಂಚೆ ನಾನು ಕೂತ ಜಾಗವೂ ಇದೆ, ಒಂದು ಚುಕ್ಕಿಯಾಗಿ. ಹಿಂದೆ ಏನಿತ್ತು ಅನ್ನುವುದು ಗೆರೆಯಲ್ಲಿ ಇಲ್ಲ.

ಓಟಕ್ಕೆ ಹೋದೆ. ಮುಗಿಸಿದೆ. ಅದರ ಬಗ್ಗೆ ಬರೆಯಲು ಏನೂ ಇಲ್ಲ. ಅಲ್ಲಿ ಹಿಂದೆಮುಂದೆ ತುಂಬ ಜನ ಇದ್ದರು.

ಗಂಡನನ್ನು ಒಂದೇ ಸಲ ಕೇಳಿದ್ದೇನೆ. "ನೀ ತಿರುಗಿ ನೋಡಬೇಕಿತ್ತು," ಅಂದ. ಅಷ್ಟೇ. ಇನ್ನೊಮ್ಮೆ ಕೇಳಿದರೆ ಹೌದು ಅನ್ನಬಹುದು, ಇಲ್ಲ ಅನ್ನಬಹುದು. ಎರಡನ್ನೂ ನಾನು ನಂಬುವುದಿಲ್ಲ.

ಮಾನ್ವಿಗೆ ಒಬ್ಬಳೇ ಓಡಿದೆ ಅಂತ ಎಲ್ಲರಿಗೂ ಹೇಳಿದ್ದೇನೆ, ಇನ್ನು ಮುಂದೆಯೂ ಹಾಗೇ ಹೇಳುತ್ತೇನೆ. ಆ ರಾತ್ರಿ ನನ್ನ ಹಿಂದೆ ಯಾರಾದರೂ ಇದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ.