ಪಾತ್ರೆ ಅಂಗಡಿ ಮುಳುಗಿದ ಕಥೆ

ನಮ್ಮ ಅತ್ತಿಗೆ ಶಿಶುವಿಹಾರದ ಮಿಸ್, ನಾನು ಅಲ್ಲೇ ಆಯಾ. ಅವಳು ವಿಜ್ಞಾನ ಕಲಿಸುತ್ತಾಳೆ, ನಾನು ನೆಲ ಒರೆಸುತ್ತೇನೆ. ಮೂರು ವರ್ಷದ ಮಕ್ಕಳಿಗೆ ಎಂಥ ವಿಜ್ಞಾನ ಅಂತ ನನಗೂ ಕೇಳಿ ಕೇಳಿ ಸಾಕಾಗಿದೆ. ಐಸ್ ಕರಗಬೇಕಂತೆ, ನೊರೆ ಉಕ್ಕಬೇಕಂತೆ, ಎಲ್ಲವನ್ನೂ ಮಕ್ಕಳೇ ಮುಟ್ಟಿ, ಹಿಂಡಿ, ಚೆಲ್ಲಿ ಕಂಡುಕೊಳ್ಳಬೇಕಂತೆ. ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಹೇಳುವ ಜಾಯಮಾನ ಅವಳದ್ದಲ್ಲ. ಮನೆಯಲ್ಲಿ ನಮ್ಮಣ್ಣ "ಟೀಗೆ ಸಕ್ಕರೆ ಹಾಕಿದೀಯಾ?" ಅಂದರೆ "ನಿಮಗೇನನ್ಸುತ್ತೆ?" ಅನ್ನುತ್ತಾಳೆ. ಪಾಪ, ಮದುವೆಯಾದಾಗಿನಿಂದ ಅವನು ಊಹಿಸುತ್ತಲೇ ಇದ್ದಾನೆ.

ಹೆಡ್‌ಮಿಸ್‌ಗೆ ಈ ನೀರಾಟ ಮೊದಲಿಂದಲೂ ಆಗಿಬರುತ್ತಿರಲಿಲ್ಲ. ಒದ್ದೆ ಬಟ್ಟೆಯ ದೂರುಗಳು ಹೆಚ್ಚಾದಾಗ, "ಇನ್ನೊಂದು ದೂರು ಬಂದ್ರೆ ಆ ನೀರಿನ ಟಬ್ಬೂ ಹೊರಗೆ, ನೀವೂ ಹೊರಗೆ" ಎಂದುಬಿಟ್ಟರು. ಅತ್ತಿಗೆ ಅಂದು ಊಟ ಮಾಡಲಿಲ್ಲ. ಆ ಮಕ್ಕಳನ್ನು ಬಿಟ್ಟು ಅವಳಿಗೆ ಬೇರೆ ಪ್ರಪಂಚವಿಲ್ಲ. ಎಷ್ಟು ಬೈದುಕೊಂಡರೂ ನನಗೆ ಸಂಕಟವಾಯಿತು.

ಆ ಇನ್ನೊಂದು ದೂರು ಬಂದೇ ಬಂತು. ಯಾವುದು ಮುಳುಗುತ್ತೆ, ಯಾವುದು ತೇಲುತ್ತೆ ಅನ್ನುವ ಪಾಠ. ಜೇಡಿಮಣ್ಣಿನಲ್ಲಿ ಇಷ್ಟವಾದದ್ದು ಮಾಡಿ ನೀರಿಗೆ ಬಿಡಬೇಕು. ಒಬ್ಬಳು ಪುಟ್ಟಿ ಅಪ್ಪನ ಪಾತ್ರೆ ಅಂಗಡಿ ಮಾಡಿದಳು. ಬಾಗಿಲು, ಕಪಾಟು, ಅಪ್ಪ, ಎಲ್ಲ ಸೇರಿ ಒಂದೇ ಉಂಡೆ. ಬಿಟ್ಟದ್ದೇ ತಡ, ಗುಳುಂ! ಎಲ್ಲರೂ ಚಪ್ಪಾಳೆ ತಟ್ಟಿದರು. ಸಂಜೆ ಅವಳಪ್ಪ ಹೊಸ ಪಾಲುದಾರನನ್ನು ಮನೆಯಲ್ಲಿ ಕೂರಿಸಿಕೊಂಡು ಮಾತಾಡುತ್ತಿದ್ದಾಗ ಇವಳು ಓಡಿಬಂದು, "ಅಪ್ಪಾ, ನಮ್ಮಂಗಡಿ ಮುಳುಗೋಯ್ತು! ಮಿಸ್ಸೂ ಚಪ್ಪಾಳೆ ಹೊಡೆದ್ರು!" ಅಂದಳು.

ಮರುದಿನ ಬೆಳಿಗ್ಗೆ ಪಾತ್ರೆ ಅಂಗಡಿಯವರು ಕೆಂಡವಾಗಿ ಕ್ಲಾಸಿಗೇ ನುಗ್ಗಿದರು, ಬೆನ್ನಿಗೇ ಹೆಡ್‌ಮಿಸ್.

"ನಮ್ಮ ವ್ಯಾಪಾರ ಮುಳುಗಿದ್ರೆ ನಿಮಗ್ಯಾಕ್ರೀ ಅಷ್ಟು ಸಂಭ್ರಮ?"

ಅತ್ತಿಗೆ ಟಬ್ಬಿನ ಪಕ್ಕದಿಂದ ಎದ್ದಳು. ತಪ್ಪಾಯ್ತು ಅಂದುಬಿಡು ಎಂದು ನಾನು ಕಣ್ಣಲ್ಲೇ ಗೋಗರೆದೆ. ಅವಳೋ ಅವರ ಕೈಗೇ ಒಂದು ಉಂಡೆ ಮಣ್ಣು ಕೊಟ್ಟು, "ಮುಳುಗದ ಹಾಗೆ ಮಾಡೋಕಾಗುತ್ತಾ ಸರ್?" ಅಂದಳು. ಕೆಲಸ ಹೋಯಿತು ಎಂದುಕೊಂಡೆ.

ಅವರು ಸಿಟ್ಟಿನಿಂದ ಅದನ್ನು ಟಬ್ಬಿಗೆ ಎಸೆದರು. ಗುಳುಂ.

"ಹಂಗೆ ಎಸೆದ್ರೆ ಮತ್ತೆ ನಿನ್ನೆ ಕಥೇನೇ ಅಪ್ಪಾ," ಮಗಳು ಬುದ್ಧಿ ಹೇಳಿದಳು.

ಅಂಗಡಿಯವರಿಗೆ ರೋಷ ಬಂತು. ಅಂಗಿಯ ತೋಳು ಮಡಚಿ ಕುಕ್ಕರಗಾಲಲ್ಲಿ ಕೂತರು. ಮಣ್ಣನ್ನು ಚಪ್ಪಟೆ ಮಾಡಿ ಬಿಟ್ಟರು, ಅದು ಓರೆಯಾಗಿ ಮುಳುಗಿತು. ಈ ಸಲ ಅಂಚು ಎತ್ತಿ ಬಟ್ಟಲು ಮಾಡಿ ನೀರಿಗೆ ಬಿಟ್ಟರು. ಓಲಾಡಿತು, ತೇಲಿ ನಿಂತಿತು. ಮಕ್ಕಳ ಕೂಗಿಗೆ ಕಿಟಕಿ ಅದುರಿತು. ಪುಟ್ಟಿ ಅದರೊಳಗೆ ಒಂದು ಗೋಲಿ ಇಟ್ಟಳು, ಆಮೇಲೆ ಇನ್ನೊಂದು.

ಹೆಡ್‌ಮಿಸ್ ಕೆಮ್ಮಿದರು. "ಸರ್, ದೂರು ಬರೆದುಕೊಡ್ತೀರಾ?"

ಅವರು ತಲೆ ಎತ್ತಲಿಲ್ಲ. "ಟಬ್ ಅಲ್ಲಾಡಿಸ್ಬೇಡಿ ಮೇಡಂ. ಇನ್ನೂ ನಾಲ್ಕು ಗೋಲಿ ಹಿಡಿಸುತ್ತೆ."

ಹೆಡ್‌ಮಿಸ್ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

"ನಾಲ್ಕೆಲ್ಲಿ ಹಿಡಿಸುತ್ತೆ? ಎರಡಕ್ಕೇ ಮುಳುಗುತ್ತೆ ನೋಡಿ," ಎನ್ನುತ್ತ ಅವರೂ ಒದ್ದೆ ನೆಲದ ಮೇಲೆ ಕೂತುಬಿಟ್ಟರು.